ಎದುರಾಳಿ ತಲೆದೂಗುವ ತನಕ

“ಅತ್ತಿಗೆ, ನಿಮಗೆ ಚಿಕ್ಕಂದಿನಲ್ಲಿ ದಡಾರ ಬಂದಿತ್ತಲ್ಲ, ಅದು ಮತ್ತೆ ಯಾಕೆ ಬರ್ಲಿಲ್ಲ ಹೇಳಿ. ಒಂದ್ಸಲ ಬಂದೋರ ಮನೆಗೆ ಮತ್ತೆ ಹೋಗ್ಬಾರ್ದು ಅಂತ ಅದೇನು ಆಣೆ ಮಾಡಿತ್ತಾ? ನಿಮ್ಮ ರಕ್ತದಲ್ಲಿ ಕೆಲವು ಕಣಗಳು ಆ ರೋಗದ ಮುಖ ನೋಡಿ ಗುರುತಿಟ್ಕೊಂಡ್ವು. ನಿನ್ನೆ ಕನ್ನಡಕ ಎಲ್ಲಿಟ್ರಿ ಅಂತ ನಿಮಗೆ ನೆನಪಿರಲ್ಲ, ಅವಕ್ಕೆ ಇವತ್ತಿಗೂ ನೆನಪಿದೆ. ಹೇಗೆ? ಇದೇ ನಮ್ಮ ಜಗಳ. ನಾನೇನು ಹೇಳ್ತೀನಿ, ಆ ನೆನಪು ಬೂದಿ ಮುಚ್ಚಿದ ಕೆಂಡ. ಆಗಾಗ ಯಾರಾದ್ರೂ ಊದ್ತಾ ಇರ್ಬೇಕು. ಪಕ್ಕದ ಮನೆ ಮಗುಗೆ ದಡಾರ ಬಂತು, ನೀವು ಹೋಗಿ ಎತ್ಕೊಂಡ್ರಿ, ಕೆಂಡಕ್ಕೆ ಗಾಳಿ ಬಿತ್ತು. ಯಾರೂ ಊದ್ದೇ ಇದ್ರೆ ಒಂದಿನ ಆರೇ ಹೋಗತ್ತೆ. ನಮ್ಮ ಉದ್ದನೆ ಡಾಕ್ಟ್ರು ಏನಂತಾರೆ, ಅಲ್ಲ, ಅದು ಹಚ್ಚೆ, ಒಂದ್ಸಲ ಚುಚ್ಚಿದ್ರೆ ಸಾಯೋವರೆಗೂ ಇರತ್ತೆ, ಯಾರೂ ಏನೂ ಮಾಡ್ಬೇಕಾಗಿಲ್ಲ. ಅವರ ಹತ್ರಾನೂ ಸಾಕ್ಷಿ ಇದೆ, ನನ್ನ ಹತ್ರಾನೂ ಇದೆ. ಅವರೂ ಸುಳ್ಳು ಹೇಳೋರಲ್ಲ, ನಾನೂ ಅಲ್ಲ. ಹಾಗಾದ್ರೆ ಯಾರು ಸರಿ? ಗೊತ್ತಿಲ್ಲ! ಗೊತ್ತಿಲ್ಲ ಅನ್ನೋದನ್ನ ನೆಟ್ಟಗೆ ಹೇಳೋಕೆ ಕಲಿಯೋದಕ್ಕೇ ನನಗೆ ಇಷ್ಟು ವರ್ಷ ಬೇಕಾಯ್ತು ನೋಡಿ. ಅಯ್ಯೋ, ಆ ಹುಳುಕು ಬಟಾಣಿ ಹಾಕ್ಬೇಡಿ ಅತ್ತಿಗೆ, ಇಲ್ಲಿ ಕೊಡಿ.”

ನನ್ನ ನಾದಿನಿ ಮಾತಾಡುವುದೇ ಹೀಗೆ. ಕೈಯಲ್ಲಿ ಬಟಾಣಿ ಸಿಪ್ಪೆ, ಬಾಯಲ್ಲಿ ದೇಹದ ಗುಟ್ಟು. ಊರಿನ ದೊಡ್ಡಾಸ್ಪತ್ರೆಯ ಹಿಂದೆ ಒಂದು ಹಳೆಯ ಪ್ರಯೋಗಾಲಯವಿದೆ. ಮೈ ರೋಗದೊಡನೆ ಹೇಗೆ ಹೋರಾಡುತ್ತದೆ ಎಂದು ಅಲ್ಲಿ ಹುಡುಕುತ್ತಾರೆ. ಇವಳ ತಲೆ ಕಪ್ಪಗಿದ್ದಾಗ ಸೇರಿದ ಕೆಲಸ, ಈಗ ಬೆಳ್ಳಗಾಗಿದೆ. ದೊಡ್ಡ ಹೆಸರಿಲ್ಲ, ಬಿರುದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾಳೆ, ಸಂಜೆ ಸೊಪ್ಪು ಹಿಡಿದು ಬರುತ್ತಾಳೆ. ಬೀದಿಯವರ ಕಣ್ಣಿಗೆ ಅವಳು ಬರೀ “ಆಸ್ಪತ್ರೆ ಮೇಡಮ್ಮು”. ಮನೆಯಲ್ಲಿ ನಾವು ಕರೆಯುವ ಹೆಸರು ಬೇರೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಎರಡು ಜಡೆಯ ಹುಡುಗಿ. ತಟ್ಟೆಗೆ ಏನು ಬಡಿಸಿದರೂ ಒಂದು ಪ್ರಶ್ನೆ, ಏನು ಹೇಳಿದರೂ ಒಂದು ಆಕ್ಷೇಪ. ಅವಳಣ್ಣ, ಅಂದರೆ ನನ್ನ ಯಜಮಾನರು, ಅವತ್ತೇ ಅವಳಿಗೆ ತಕರಾರು ಎಂದು ಹೆಸರಿಟ್ಟರು. ಅದೇ ನಿಂತಿತು.

ಆ ತಕರಾರಿನ ಬಗ್ಗೆಯೇ ನಾನು ಬರೆಯಬೇಕೆಂದು ಕೂತದ್ದು. ನಾನು ಹೆಚ್ಚು ಓದಿದವಳಲ್ಲ. ಆದರೆ ಕೇಳಿಸಿಕೊಳ್ಳುವುದಕ್ಕೆ ಯಾವ ಶಾಲೆಗೂ ಹೋಗಬೇಕಾಗಿಲ್ಲ, ಕೂತಲ್ಲಿ ಕೂತಿರಬೇಕು ಅಷ್ಟೆ.

ಅವರ ಪ್ರಯೋಗಾಲಯದಲ್ಲಿ ವರ್ಷಕ್ಕೊಂದು ವಾದದ ದಿನವಿರುತ್ತದೆ. ಅದನ್ನು ಶುರುಮಾಡಿದ ಹಿರಿಯ ಮೇಷ್ಟರು ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೆ ಅವರು ಹಾಕಿಕೊಟ್ಟ ಕಟ್ಟಳೆಗಳನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ತಮ್ಮ ವಾದಕ್ಕೆ ಬಾಯಿ ತೆರೆಯುವ ಮೊದಲು ಎದುರಾಳಿಯ ವಾದವನ್ನು ಹೇಳಬೇಕು. ಹೇಗೆ ಹೇಳಬೇಕೆಂದರೆ, ಎದುರಾಳಿಯೇ ಕೇಳಿ “ಹೌದು, ನಾನು ಹೇಳುವುದು ಇದನ್ನೇ” ಎಂದು ತಲೆದೂಗಬೇಕು. ಇದಕ್ಕೆ ಅವರಲ್ಲಿ ಕನ್ನಡಿ ಹಿಡಿಯುವುದು ಎನ್ನುತ್ತಾರೆ. ಕನ್ನಡಿ ಸರಿಯಾಗದೆ ವಾದವಿಲ್ಲ.

ಇನ್ನೊಂದು ಕಟ್ಟಳೆ ನನಗೆ ಬಲು ಇಷ್ಟ. ಸಭೆಯಲ್ಲಿ ಕುರ್ಚಿಗಳನ್ನು ಎರಡು ಪಕ್ಕ ಹಾಕಿರುತ್ತಾರೆ, ಒಂದು ಪಕ್ಕ ಇವರದು, ಇನ್ನೊಂದು ಪಕ್ಕ ಅವರದು. ಕೇಳುತ್ತಾ ಕೇಳುತ್ತಾ ಯಾರ ಮನಸ್ಸು ಬದಲಾಯಿತೋ ಅವರು ಎದ್ದು ತಮ್ಮ ಕುರ್ಚಿಯನ್ನು ಆಚೆ ಪಕ್ಕಕ್ಕೆ ಒಯ್ಯಬೇಕು. ಎತ್ತಿಕೊಂಡು ಹೋಗುವ ಹಾಗಿಲ್ಲ, ನೆಲದ ಮೇಲೆ ಎಳೆದುಕೊಂಡೇ ಹೋಗಬೇಕು. ಮನಸ್ಸು ಬದಲಾದದ್ದು ಕಳ್ಳಹೆಜ್ಜೆ ಇಡಬಾರದು, ಎಲ್ಲರ ಕಿವಿಗೂ ಬೀಳಬೇಕು ಎಂದು ಆ ಮೇಷ್ಟರು ಹೇಳುತ್ತಿದ್ದರಂತೆ. ಮನೆಯವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ನಾನು ಪ್ರತಿ ವರ್ಷವೂ ಹೋಗಿ ಕೂರುತ್ತಿದ್ದೆ. ನನ್ನ ಯಜಮಾನರು ಒಂದೇ ಸಲ ಬಂದದ್ದು. “ಕುರ್ಚಿ ಕಿರುಗುಟ್ಟೋದು ಕೇಳೋಕೆ ಅಲ್ಲಿವರೆಗೂ ಯಾಕೆ ಹೋಗ್ಬೇಕು, ನಮ್ಮನೆ ಬಾಗಿಲೇ ಇಲ್ವಾ?” ಎಂದು ಆಮೇಲೆ ಬರಲೇ ಇಲ್ಲ.

ತಕರಾರಿನ ಎದುರಾಳಿ ಯಾವಾಗಲೂ ಒಬ್ಬರೇ, ಉದ್ದನೆ ಡಾಕ್ಟರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಎತ್ತರಕ್ಕೆ ತಕ್ಕ ಮೌನ. ನಾಲ್ಕು ಮಾತಿನಲ್ಲಿ ಮುಗಿಸುವುದನ್ನು ಮೂರರಲ್ಲಿ ಮುಗಿಸುವವರು. ಕೆಂಡ ಹಚ್ಚೆಗಳ ಜಗಳ ಇವರಿಬ್ಬರ ನಡುವೆ ಎಷ್ಟು ವರ್ಷ ನಡೆಯಿತೆಂದರೆ, ಅದು ಮುಗಿದರೆ ಇಬ್ಬರಿಗೂ ಹೊತ್ತು ಹೋಗುವುದಿಲ್ಲವೇನೋ ಎಂದು ನಾನು ಅಂದುಕೊಳ್ಳುತ್ತಿದ್ದೆ. ಸಭೆಯಲ್ಲಿ ಹಾವು ಮುಂಗುಸಿ, ಹೊರಗೆ ಬಂದರೆ ಒಂದೇ ಕೊಡೆಯಡಿ ಬಸ್ ಸ್ಟಾಪಿನವರೆಗೆ.

ಆ ವರ್ಷದ ವಾದ ಮಾತ್ರ ಆಟವಾಗಿರಲಿಲ್ಲ. ಪ್ರಯೋಗಾಲಯಕ್ಕೆ ಹೊಸದಾಗಿ ಒಂದು ದೊಡ್ಡ ಕೋಣೆ, ಕೆಲಸಕ್ಕೆ ಜನ ಸಿಕ್ಕಿದ್ದರು. ಆದರೆ ಒಂದೇ ಅಧ್ಯಯನಕ್ಕೆ ಸಾಲುವಷ್ಟು. ಕೆಂಡದ ಪಕ್ಷದ ಅಧ್ಯಯನವೋ ಹಚ್ಚೆಯ ಪಕ್ಷದ್ದೋ ಎಂದು ವಾದದ ದಿನ ಕುರ್ಚಿಗಳನ್ನು ನೋಡಿ ತೀರ್ಮಾನಿಸುವುದೆಂದು ಅಲ್ಲಿನ ಮುಖ್ಯಸ್ಥರು ಹೇಳಿದ್ದರು. ತಕರಾರಿಗೆ ಮುಂದಿನ ವರ್ಷ ನಿವೃತ್ತಿ. ಅವಳ ಅಧ್ಯಯನ ಆಯ್ಕೆಯಾದರೆ ಅದನ್ನು ನಡೆಸಲು ಅವಳನ್ನೇ ಉಳಿಸಿಕೊಳ್ಳುತ್ತಾರೆ. ಇಲ್ಲವಾದರೆ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬರಬೇಕು. ಮಕ್ಕಳ ವಾರ್ಡಿನ ನರ್ಸುಗಳನ್ನು, ತಾಯಂದಿರನ್ನು ವರ್ಷಗಟ್ಟಲೆ ಕಾಡಿ ಬೇಡಿ ತೆಗೆದುಕೊಂಡ ರಕ್ತವನ್ನು ಅವಳು ಫ್ರೀಜರಿನಲ್ಲಿ ಮಗುವಿನಂತೆ ಕಾಪಾಡಿದ್ದಳು. ಕರೆಂಟು ಹೋದರೆ ಮನೆಯ ದೀಪಕ್ಕಿಂತ ಮೊದಲು ಅವಳಿಗೆ ಆ ಫ್ರೀಜರಿನ ನೆನಪಾಗುತ್ತಿತ್ತು.

ವಾದಕ್ಕೆ ಇನ್ನು ಕೆಲವೇ ದಿನ ಇರುವಾಗ ಉದ್ದನೆ ಡಾಕ್ಟರಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಬುದ್ಧಿ ಚುರುಕಾಗಿಯೇ ಇತ್ತು. ಮಾತು ಹೋಯಿತು, ಬಲಗೈಯೂ ಹೋಯಿತು.

ಮುಖ್ಯಸ್ಥರು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಅವರದು ಮೈಕಿನಂಥ ಗಂಟಲು. ಆಚೆಯ ಮಾತೂ ನನಗೆ ಕೇಳಿಸಿತು.

“ಈ ವರ್ಷ ವಾದ ಬೇಡ ಮೇಡಂ. ಎದುರು ಯಾರೂ ಇಲ್ಲವಲ್ಲ. ಅಧ್ಯಯನ ನಿಮ್ಮದೇ ಅಂತ ಬರೆದುಬಿಡ್ತೀನಿ.”

“ಬರೀಬೇಡಿ ಸಾರ್.”

“ಯಾಕೆ? ನಿಮಗೇ ಒಳ್ಳೇದಲ್ವಾ?”

“ಎದುರಾಳಿ ಇಲ್ದ ಕುಸ್ತೀಲಿ ಗೆದ್ದೋರು ಮೈಗೆ ಮಣ್ಣಾಗ್ಲಿಲ್ಲ ಅಂತ ಬೀಗ್ಬಹುದು, ಅಷ್ಟೆ. ಅವರ ವಾದಾನೂ ನಾನೇ ಹೇಳ್ತೀನಿ. ಸಭೆ ನಡೀಲಿ.”

“ಕನ್ನಡಿಗೆ ತಲೆದೂಗೋರು ಯಾರು?”

“ಅವರ ಮಾತು ಹೋಗಿದೆ ಸಾರ್. ಕತ್ತು ನೆಟ್ಟಗಿದೆ.”

ಫೋನು ಇಟ್ಟಳು. ಒಳಗಿನಿಂದ ನನ್ನ ಯಜಮಾನರ ದನಿ ಬಂತು. “ಗೆದ್ದು ಮನೆಗೆ ಬಾ ಅಂದ್ರೆ, ಸೋಲೋಕೆ ಆಸ್ಪತ್ರೆಗೆ ಹೊರಟ್ಳು ನೋಡು ನಿನ್ನ ನಾದಿನಿ!”

“ನಿಮ್ಮ ತಂಗಿ,” ಎಂದೆ ನಾನು. ಅವಳಿಂದ ತೊಂದರೆಯಾದಾಗೆಲ್ಲ ಅವಳು ನನ್ನ ನಾದಿನಿಯಾಗುತ್ತಾಳೆ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಹೋದೆವು. ಡಾಕ್ಟರ ಹೆಂಡತಿ ಮನೆಗೆ ಹೋಗಿ ಸ್ನಾನ ಮಾಡಿ ಬರಲಿ, ಅಷ್ಟು ಹೊತ್ತು ನಾನು ಕೂತಿರುತ್ತೇನೆ ಎಂದು ನನ್ನ ಲೆಕ್ಕ. ಆ ತಾಯಿ ನಾವು ಬಂದದ್ದೇ ಕುರ್ಚಿ ಎಳೆದುಕೊಟ್ಟು ತಾವೂ ಕೂತುಬಿಟ್ಟರು. ಯಾರಾದರೂ ಮಾತಾಡುವವರು ಬಂದರೆ ಸಾಕಾಗಿತ್ತು ಅವರಿಗೆ. ಮಂಚ ಗಿಡ್ಡವಾಗಿ ಡಾಕ್ಟರ ಪಾದಗಳು ಹೊರಗೆ ಚಾಚಿದ್ದವು. ಯಾರೋ ಕಾಲ ತುದಿಗೆ ಸ್ಟೂಲು ಇಟ್ಟು ಮೇಲೊಂದು ದಿಂಬು ಹಾಕಿದ್ದರು.

ತಕರಾರು ಕುಶಲ ಕೇಳಿದ್ದು ಎರಡೇ ಮಾತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು, ಸಭೆಯಲ್ಲಿ ನಿಲ್ಲುವ ಹಾಗೆಯೇ.

“ಸಾರ್, ಕನ್ನಡಿ ಹಿಡೀತೀನಿ, ಕೇಳಿ. ನಿಮ್ಮ ವಾದ ಏನಂದ್ರೆ, ಒಂದು ರೋಗ ಬಂದು ಹೋದ ಮೇಲೆ ಉಳಿಯೋ ನೆನಪು ಹಚ್ಚೆ ಇದ್ದ ಹಾಗೆ. ಒಂದ್ಸಲ ಬಿತ್ತು ಅಂದ್ರೆ ತಾನಾಗೇ ಉಳಿಯತ್ತೆ, ಅದಕ್ಕೆ ಏನೂ ಬೇಕಾಗಲ್ಲ. ಸರಿನಾ?”

ಡಾಕ್ಟರು ತಲೆಯನ್ನು ಅಡ್ಡಡ್ಡ ಆಡಿಸಿದರು.

ಅವಳು ತಪ್ಪು ಕಂಡೆನೇನೋ ಎಂದು ಬಗ್ಗಿ ನೋಡಿದಳು. ಇನ್ನೊಮ್ಮೆ ಹೇಳಿದಳು. ಮತ್ತೆ ಅಡ್ಡಡ್ಡ. ಹಚ್ಚೆ ಬೇಡವೆಂದು ಕಲ್ಲಿನ ಶಾಸನ ಎಂದಳು. ಅವರು ಕಣ್ಣು ಮುಚ್ಚಿಕೊಂಡರು. ಸಭೆಯಲ್ಲಿ ಬೇಸರವಾದಾಗಲೂ ಅವರು ಹಾಗೆಯೇ ಕಣ್ಣು ಮುಚ್ಚುತ್ತಿದ್ದರು.

“ಇದೇನು ಸಾರ್ ಇದು!” ತಕರಾರಿಗೆ ನಿಜವಾಗಿಯೇ ಸಿಟ್ಟು ಬಂತು. “ಪ್ರತಿ ವರ್ಷ ಇದನ್ನೇ ಹೇಳಿದೀನಿ, ಪ್ರತಿ ವರ್ಷ ನೀವು ತಲೆದೂಗಿದೀರಿ. ಈಗ ಅಲ್ಲ ಅಂದ್ರೆ ಹೇಗೆ?”

ಡಾಕ್ಟರ ಹೆಂಡತಿ ಹೊದಿಕೆ ಸರಿಮಾಡುತ್ತಾ ಮೆಲ್ಲಗೆ ಅಂದರು. “ಹಚ್ಚೆ ಅನ್ನೋ ಮಾತು ಇವರದ್ದಲ್ಲಮ್ಮ, ನಿಮ್ಮದು. ಮನೆಗೆ ಬಂದು ಬೈಕೊಳ್ತಾ ಇದ್ರು. ‘ಮತ್ತೆ ಹಚ್ಚೆ ಅಂದ್ಳು ಕಣೇ, ನಾನ್ಯಾವಾಗ ಹಚ್ಚೆ ಅಂದೆ’ ಅಂತ.”

“ಮತ್ತೆ ಸಭೇಲಿ ತಲೆ ಯಾಕೆ ಆಡಿಸ್ತಿದ್ರು?”

“ಬೇಡ ಅಂದ್ರೆ ನೀವು ಮೊದ್ಲಿಂದ ಶುರುಮಾಡ್ತೀರಲ್ಲ! ಊಟದ ಹೊತ್ತಾಗತ್ತೆ, ಹೂಂ ಅಂದ್ಬಿಟ್ರೆ ಆಮೇಲೆ ನನ್ನ ಸರದೀಲಿ ನಾನು ಸರಿಯಾಗಿ ಹೇಳ್ಕೋಬಹುದು ಅಂತ ಇವರ ಲೆಕ್ಕ.”

ಹೊರಗೆ ಕಾರಿಡಾರಿನಲ್ಲಿ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು. ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಬಾಯಿ ಇದ್ದಾಗ ಅವರಿಗೆ ಆ ತಲೆದೂಗು ಅಗ್ಗವಾಗಿತ್ತು, ಯಾರು ಕೇಳಿದರೂ ಕೊಡುತ್ತಿದ್ದರು. ಈಗ ಅವರ ಕೈಯಲ್ಲಿ ಉಳಿದಿದ್ದ ಮಾತು ಅದೊಂದೇ. ಅದನ್ನು ಪುಕ್ಕಟೆ ಕೊಡಲು ಅವರು ಸಿದ್ಧರಿರಲಿಲ್ಲ.

ತಕರಾರು ಕುರ್ಚಿಯಲ್ಲಿ ಕುಸಿದು ಕೂತಳು. ಇನ್ನೊಬ್ಬರಾಗಿದ್ದರೆ ಏನು ಮಾಡುತ್ತಿದ್ದರೋ. “ಕಾಯಿಲೆಯವರು, ಪಾಪ, ಗೊತ್ತಾಗಲಿಲ್ಲ” ಎಂದು ಎದ್ದು ಬಂದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವಳು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

“ಸರಿ ಸಾರ್. ಇಷ್ಟು ವರ್ಷ ನಾನು ಹೊಡೆದಾಡಿದ್ದು ನಿಮ್ಮ ಜೊತೆ ಅಲ್ಲ, ನಾನೇ ಕಟ್ಟಿದ ಬೆದರುಬೊಂಬೆ ಜೊತೆ ಅಂತಾಯ್ತು. ಮೊದ್ಲಿಂದ ಹೇಳ್ಕೊಡಿ.”

ಹೇಳಿಕೊಡುವುದೆಂದರೆ ಏನು? ಅವಳು ಕೇಳಬೇಕು, ಅವರು ಹೌದು ಅಥವಾ ಅಲ್ಲ ಎನ್ನಬೇಕು. ಅವತ್ತಿಗೆ ಅದು ಮುಗಿಯಲಿಲ್ಲ. ನಿತ್ಯ ಕೆಲಸ ಮುಗಿಸಿ ಬರುವಾಗ ಅವಳು ವಾರ್ಡಿಗೆ ಹೋಗುತ್ತಿದ್ದಳು. ನಾನು ಮನೆಯಿಂದ ಫ್ಲಾಸ್ಕಿನಲ್ಲಿ ಟೀ ಹಿಡಿದು ಹೋಗುತ್ತಿದ್ದೆ. ಕತ್ತಲ ಕೋಣೆಯಲ್ಲಿ ಗೋಡೆ ಸವರಿಕೊಂಡು ಬಾಗಿಲು ಹುಡುಕುವವರ ಹಾಗೆ ಅವಳು ಪ್ರಶ್ನೆ ಕೇಳುತ್ತಿದ್ದಳು. ಕೆಲವು ಪ್ರಶ್ನೆ ನನಗೆ ತಿಳಿಯುತ್ತಲೇ ಇರಲಿಲ್ಲ. ತಿಳಿಯದಿದ್ದರೂ ಅವಳು ಎಲ್ಲಿ ಎಡವಿದಳೆಂದು ಡಾಕ್ಟರ ಹುಬ್ಬು ನೋಡಿದರೆ ಗೊತ್ತಾಗುತ್ತಿತ್ತು. ನರ್ಸೊಬ್ಬಳು ಬಂದು “ಪೇಷೆಂಟಿಗೆ ಆಯಾಸ ಆಗತ್ತೆ” ಎಂದಾಗ ಪೇಷೆಂಟೇ ಎಡಗೈ ಎತ್ತಿ ಅವಳನ್ನು ಆಚೆ ಕಳಿಸಿದರು.

ಬಾಗಿಲು ಸಿಕ್ಕಿದ್ದು ಒಂದು ಸಂಜೆ.

“ನೆನಪಿನ ಕಣಗಳಿಗೆ ಏನೂ ಬೇಡ ಅಂತಲ್ಲ, ಏನೋ ಒಂದು ಬೇಕು ಅಂತೀರಾ?”

ಹೌದು.

“ರೋಗಾನೇ ಮತ್ತೆ ಎದುರಿಗೆ ಬರ್ಬೇಕಾ?”

ಅಲ್ಲ. ಈ ಸಲ ದಿಂಬು ಜಾರುವಷ್ಟು ಜೋರಾಗಿ.

“ಮತ್ತಿನ್ನೇನು ಬೇಕು? ತಾಳಿ, ತಾಳಿ. ಅವು ಬದುಕಿರ್ಬೇಕಲ್ಲ. ಅವಕ್ಕೂ ಊಟ ಬೇಕು, ಇರೋಕೆ ಜಾಗ ಬೇಕು. ಮೂಳೆ ಒಳಗೆ, ಮಜ್ಜೇಲಿ, ಅವಕ್ಕೆ ಗೂಡು ಇದೆಯಲ್ಲ...” ಅವಳ ದನಿ ನಿಧಾನವಾಯಿತು. “ಸಾರ್, ನೆನಪನ್ನ ಉಳಿಸೋದು ಕಳ್ಳ ಅಲ್ಲ, ಮನೆ. ಅದಲ್ವಾ ನೀವು ಹೇಳೋದು? ಕಾವಲುಗಾರ ಎಚ್ಚರವಾಗಿರೋಕೆ ದಿನಾ ಕಳ್ಳ ಬರ್ಬೇಕಾಗಿಲ್ಲ. ಮನೆಯವರು ಹೊತ್ತು ಹೊತ್ತಿಗೆ ಊಟ ಹಾಕಿ, ಮಲಗೋಕೆ ಜಾಗ ಕೊಟ್ಟಿದ್ರೆ ಸಾಕು. ಕಳ್ಳನ ಮುಖ ಅವನು ಮರೆಯಲ್ಲ.”

ಉದ್ದನೆ ಡಾಕ್ಟರು ಅವಳನ್ನೇ ನೋಡಿದರು. ಹೇಳಿದ್ದನ್ನು ಒಳಗೊಳಗೇ ತೂಗಿ ನೋಡುತ್ತಿದ್ದರು ಅನಿಸುತ್ತದೆ. ಆಮೇಲೆ ತಲೆಯನ್ನು ಮೇಲಿಂದ ಕೆಳಕ್ಕೆ ದೊಡ್ಡದಾಗಿ, ನಿಧಾನವಾಗಿ ಒಂದು ಸಲ ತೂಗಿದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಎಡಗೈಯಿಂದ ನನ್ನ ಫ್ಲಾಸ್ಕು ತೋರಿಸಿದರು.

ಬಸ್ಸಿನಲ್ಲಿ ಬರುವಾಗ ತಕರಾರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. “ಎಂಥಾ ಚಂದದ ವಾದ ಅತ್ತಿಗೆ!” ಎಂದಳು. ನಾಲ್ಕು ಸ್ಟಾಪು ದಾಟಿದ ಮೇಲೆ ಇನ್ನೊಂದು ಮಾತು ಹೇಳಿದಳು. “ಇದನ್ನ ನೆಟ್ಟಗೆ ಹೇಳಿದ್ರೆ ನಾನು ಸೋಲ್ತೀನಿ.”

“ಹಾಗಿದ್ರೆ ಸ್ವಲ್ಪ ಸೊಟ್ಟಗೆ ಹೇಳು,” ಎಂದೆ, ಅವಳನ್ನು ನಗಿಸೋಣವೆಂದು. ಅವಳು ನಕ್ಕಳು. ಮತ್ತೆ ಕಿಟಕಿಯ ಕಡೆ ತಿರುಗಿದಳು.

ವಾದದ ದಿನ ನಾನು ಹಿಂದಿನ ಬೆಂಚಿನಲ್ಲಿ, ಡಾಕ್ಟರ ಹೆಂಡತಿಯ ಪಕ್ಕ ಕೂತಿದ್ದೆ. ಮಾತಾಡುವವಳು ಒಬ್ಬಳೇ. ಸಭೆಯವರಲ್ಲಿ ಮುಕ್ಕಾಲು ಮಂದಿ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಗೆಲ್ಲುವ ಎತ್ತಿನ ಬಾಲ ಹಿಡಿಯುವವರು ಎಲ್ಲ ಕಡೆಯೂ ಇರುತ್ತಾರೆ. ಮುಖ್ಯಸ್ಥರು ಎದ್ದು, ಕನ್ನಡಿಗೆ ಒಪ್ಪಿಗೆ ಸಿಕ್ಕಿದೆಯೇ ಎಂದು ಕೇಳಿದರು. ಪಕ್ಕದಲ್ಲಿದ್ದ ಆ ತಾಯಿ ಎದ್ದು ನಿಂತು, “ಸಿಕ್ಕಿದೆ, ನಾನು ನೋಡಿದೀನಿ. ಈ ಸಲ ನಿಜವಾಗ್ಲೂ ಸಿಕ್ಕಿದೆ,” ಎಂದರು. ಯಾಕೆ ಹಾಗೆಂದರೆಂದು ಸಭೆಗೆ ಅರ್ಥವಾಗಲಿಲ್ಲ. ತಕರಾರು ತಲೆ ತಗ್ಗಿಸಿ ನಕ್ಕಳು.

ಆಮೇಲೆ ಅವಳು ಉದ್ದನೆ ಡಾಕ್ಟರ ವಾದ ಹೇಳಿದಳು. ಕಾವಲುಗಾರನ ಮಾತು ಹೇಳಿದಳು, ಮೂಳೆಯೊಳಗಿನ ಗೂಡಿನ ಮಾತು ಹೇಳಿದಳು. ಚಿಕ್ಕಂದಿನಲ್ಲಿ ರೋಗ ಬಂದು, ಆಮೇಲೆ ಬಾಳಿಡೀ ಆ ರೋಗದ ಗಾಳಿಯೇ ಸೋಕದ ಮುದುಕರ ರಕ್ತದಲ್ಲಿ ಡಾಕ್ಟರು ಕಂಡದ್ದನ್ನು ಅವರ ಪರವಾಗಿ ಮುಂದಿಟ್ಟಳು. ಒಂದು ಎಳೆಯನ್ನೂ ಬಿಡಲಿಲ್ಲ, ಒಂದು ಮಾತನ್ನೂ ತೆಳು ಮಾಡಲಿಲ್ಲ. ನಡುನಡುವೆ ನಾಲ್ಕು ಮಾತಿನದನ್ನು ಮೂರರಲ್ಲಿ ಮುಗಿಸುವ ಅವರ ಧಾಟಿಯೂ ಬಂದುಬಿಡುತ್ತಿತ್ತು.

ಮೊದಲ ಕುರ್ಚಿ ಕಿರುಗುಟ್ಟಿತು. ಎದ್ದವಳು ತಕರಾರಿನ ಸ್ವಂತ ಶಿಷ್ಯೆ. ಮುಖ ಕೆಂಪಗೆ ಮಾಡಿಕೊಂಡು, ಗುರುವಿನ ಕಡೆ ನೋಡದೆ ಕುರ್ಚಿ ಎಳೆದುಕೊಂಡು ಹೋದಳು. “ನೆಲ ಕೆರೀಲಿ ಬಿಡಮ್ಮ, ನಾಚಿಕೆ ಯಾಕೆ?” ಎಂದು ತಕರಾರೇ ವೇದಿಕೆಯಿಂದ ಕೂಗಿದಳು. ಎಲ್ಲರೂ ನಕ್ಕರು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅವಳ ದನಿ ಮಾತ್ರ ಒಂದಿಷ್ಟೂ ಕೆಳಗಿಳಿಯಲಿಲ್ಲ.

ಆಮೇಲೆ ತನ್ನ ಸರದಿ. “ಇದಕ್ಕೆ ನನ್ನ ತಕರಾರಿದೆ,” ಎಂದು ಶುರುಮಾಡಿದಳು. ನಾವು ಮನೆಯಲ್ಲಿ ಕರೆಯುವ ಹೆಸರು ಅವಳ ಬಾಯಲ್ಲೇ ಬಂತಲ್ಲ ಎಂದು ನನಗೆ ನಗು. “ಕಾವಲುಗಾರನಿಗೆ ಕಳ್ಳ ಕಾಣಿಸಲೇ ಇಲ್ಲ ಅಂತ ಹೇಗೆ ಹೇಳ್ತೀರಿ? ಕಳ್ಳ ಹೊರಗಿಂದಾನೇ ಬರ್ಬೇಕಾ? ಅವನ ತುಣುಕೊಂದು ಅಟ್ಟದ ಮೇಲೆ ಅಡಗಿ ಕೂತು, ಆಗಾಗ ಕೆಮ್ಮುತ್ತಾ ಇದ್ರೆ? ಆ ಮುದುಕರ ಮೈಯಲ್ಲಿ ಅಟ್ಟ ಹುಡುಕಿದೋರು ಯಾರು? ಯಾರೂ ಇಲ್ಲ. ನಾನೂ ಹುಡುಕಿಲ್ಲ.” ಕೆಲವು ಕುರ್ಚಿಗಳು ಇತ್ತ ಮರಳಿದವು. ಶಿಷ್ಯೆ ಅರ್ಧ ದಾರಿಯಲ್ಲಿ ಕುರ್ಚಿ ನಿಲ್ಲಿಸಿಕೊಂಡು ಅಲ್ಲೇ ಕೂತುಬಿಟ್ಟಳು. ಆದರೆ ಹೋದವೆಲ್ಲ ಬರಲಿಲ್ಲ. ಎಣಿಸಬೇಕಾದ ಅಗತ್ಯವೇ ಇರಲಿಲ್ಲ, ಆಚೆ ಪಕ್ಕ ತುಂಬಿತ್ತು.

ಹೊಸ ಕೋಣೆ ಉದ್ದನೆ ಡಾಕ್ಟರ ಅಧ್ಯಯನಕ್ಕೆ ಹೋಯಿತು. ಅವರ ಕೈಕೆಳಗಿನವರು ಅದನ್ನು ನಡೆಸುತ್ತಾರೆ. ಮುಖ್ಯಸ್ಥರು ಅವಳ ಹತ್ತಿರ ಬಂದು, “ಏನು ಮೇಡಂ, ನಿಮ್ಮ ಕೈಯಾರೆ...” ಎಂದು ಮಾತು ಅಲ್ಲಿಗೇ ಬಿಟ್ಟರು.

“ಅವರ ವಾದಾನ ನಾನೇ ಮೊದಲ್ನೇ ಸಲ ಕೇಳಿದ್ದು ಸಾರ್,” ಎಂದಳು ಇವಳು. “ಅಟ್ಟ ಹುಡುಕೋವಾಗ ನನ್ನ ಫ್ರೀಜರ್ ಬೇಕಾಗತ್ತೆ ಅವರಿಗೆ. ಬೀಗದ ಕೈ ಕೊಟ್ಟು ಹೋಗ್ತೀನಿ. ಕರೆಂಟು ಹೋದ್ರೆ ಮಾತ್ರ ನನಗೆ ಫೋನ್ ಮಾಡೋಕೆ ಹೇಳಿ.”

ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಫಲಿತಾಂಶ ತಿಳಿಸಿದೆವು. ಗೆದ್ದವರು ಮಲಗಿದ್ದರು, ಸೋತವಳು ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದಳು. ಅಟ್ಟದ ಮಾತು ಬಂದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು, ಆಮೇಲೆ ತಲೆ ಅಡ್ಡಡ್ಡ ಆಡಿಸಿದರು. “ಒಪ್ಪಲ್ವಾ? ಹಾಗಿದ್ರೆ ಬೇಗ ಮಾತು ಕಲೀರಿ, ಬಂದು ಜಗಳಾಡಿ,” ಎಂದಳು ತಕರಾರು. ಅವರ ಬಾಯಿಯ ಒಂದೇ ಪಕ್ಕ ನಕ್ಕಿತು.

ಮನೆಗೆ ಬರುವ ಹೊತ್ತಿಗೆ ಮೋಡ ಕವಿದಿತ್ತು. ಬಾಗಿಲು ತೆರೆದ ನನ್ನ ಯಜಮಾನರು ತಂಗಿಯ ಮುಖ ನೋಡಿದರು, ನನ್ನ ಮುಖ ನೋಡಿದರು. “ಸೋತ್ಯಾ?” ಎಂದರು.

“ಹೂಂ ಅಣ್ಣ. ಚೆನ್ನಾಗಿ ಸೋತೆ.”

“ಯಾರ ಕೈಲಿ?”

“ನನ್ನ ಕೈಲೇ.”

“ಅಷ್ಟಾದ್ರೂ ಗಟ್ಟಿ ಎದುರಾಳಿ ಸಿಕ್ತಲ್ಲ ಬಿಡು,” ಎಂದು ಅವರು ಅವಳ ಚೀಲ ಇಸಿದುಕೊಂಡು ಒಳಗಿಟ್ಟರು. ಅವರಿಂದ ಅಂಥ ಮಾತು ನಾನು ಕೇಳಿದ್ದೇ ಅಪರೂಪ.

ಮಹಡಿಯಲ್ಲಿ ಬೆಳಿಗ್ಗೆ ಹರವಿದ್ದ ಬಟ್ಟೆ ಹಾಗೆಯೇ ಇತ್ತು. ಚಪ್ಪಲಿ ಬಿಟ್ಟವಳೇ ಅವಳು ನನ್ನ ಹಿಂದೆ ಮೆಟ್ಟಿಲು ಹತ್ತಿದಳು. ದೊಡ್ಡ ಹೊದಿಕೆಯ ಎರಡು ತುದಿ ಅವಳು ಹಿಡಿದಳು, ಎರಡು ತುದಿ ನಾನು. ಗಾಳಿಗೆ ಅದು ಹೊಟ್ಟೆ ಉಬ್ಬಿಸಿತು.

“ಉದ್ದಕ್ಕೆ ಮಡಿಸೋಣ ಅತ್ತಿಗೆ.”

“ಅಗಲಕ್ಕೆ ಮಡಿಸಿದ್ರೇನೇ ಕಪಾಟಿಗೆ ಹಿಡಿಯೋದು ಕಣೇ.”

“ಅಗಲಕ್ಕೆ ಮಡಿಸಿದ್ರೆ ಕಪಾಟಿಗೆ ಹಿಡಿಯತ್ತೆ ಅಂತೀರಿ. ಸರಿಯಾಗಿ ಹೇಳಿದ್ನಾ?”

“ಹೇಳ್ದೆ. ಎಳಿ ಈಗ, ಹನಿ ಬೀಳ್ತಾ ಇದೆ.”

ಅವಳು ತುದಿಗಳನ್ನು ಜೋಡಿಸಿ ಹಿಡಿದು ನನ್ನ ಕಡೆಗೆ ನಡೆದು ಬಂದಳು. ಹೊದಿಕೆಯನ್ನು ಅಗಲಕ್ಕೇ ಮಡಿಸಿ, ಕೈಯಿಂದ ಸುಕ್ಕು ಸವರಿ, ಮುಂದಿನದನ್ನು ತಂತಿಯಿಂದ ತೆಗೆದೆವು.